ಸುದ್ದಿ ಅಚ್ಚಾದ ಮಾರನೇ ದಿನ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಅಮ್ಮನಿಗೆ,

ಬೆಳಿಗ್ಗೆಯಿಂದ ನೀನು ನಾಲ್ಕು ಸಲ ಫೋನ್ ಮಾಡಿದೆ. ಎತ್ತಲು ಧೈರ್ಯವಾಗಲಿಲ್ಲ, ಅದಕ್ಕೇ ಈ ಕಾಗದ.

ನಿನ್ನೆ ನಮ್ಮ ಚಾನೆಲ್‌ನ ಆ ಪತ್ರಕರ್ತನ ಸಿನಿಮಾ ನೋಡಿ ಬಂದ ಪ್ರೇಕ್ಷಕರ ಅಭಿಪ್ರಾಯದ ಕಾರ್ಯಕ್ರಮ ನೋಡಲು ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿಕೊಂಡಿದ್ದೆಯಂತೆ. ನೀಟಾಗಿ ತಲೆ ಬಾಚಿಕೊಂಡು ಬೇರೆ ಕೂತಿದ್ದೆ ಎಂದು ಅಕ್ಕ ಹೇಳಿದಳು. ಟೀವಿಯೊಳಗೆ ಬರುವವಳು ನೀನು, ಎದುರಿಗೆ ಕೂತವಳಿಗೆ ಯಾಕಮ್ಮ ಸಿಂಗಾರ? ಅರ್ಧ ಗಂಟೆ ಮುಗಿದರೂ ನೀನು ಬರಲಿಲ್ಲ. ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಎದ್ದು ಹೋದರಂತೆ.

ಎಡಿಟಿಂಗ್ ಟೇಬಲ್ಲಿನ ಮುಂದೆ ನಾನೇ ಇದ್ದೆ. ತೆರೆಯ ಮೇಲೆ ಮೊದಲು ಹೀರೋ ಎಂಟ್ರಿ ಸೂಪರ್ ಎಂದ ಕಾಲೇಜು ಹುಡುಗರು ಬಂದರು. ಸೆಕೆಂಡ್ ಹಾಫ್ ಎಳೆದಿದ್ದಾರೆ ಎಂದ ಅಂಗಡಿಯವರು, ಪತ್ರಕರ್ತರಂದ್ರೆ ಹಿಂಗಿರ್ಬೇಕು ಎಂದ ವಕೀಲರು ಬಂದರು. ಅವರ ಹಿಂದೆಯೇ ನೀನು, ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಸಿನಿಮಾ ಚೆನ್ನಾಗಿದೆ, ಆದ್ರೆ ಸುದ್ದಿ ಅಚ್ಚಾದ ಮಾರನೇ ದಿನ ಏನಾಗತ್ತೆ ಅಂತ ತೋರಿಸ್ಲೇ ಇಲ್ಲ ಎಂದೆ. ನಮ್ಮನೆಯವ್ರೂ ಸಿಮೆಂಟ್ ಕಂಪನಿ ಧೂಳಿನ ಬಗ್ಗೆ ಬರೆದ್ರು, ಕಂಪನಿಯವ್ರು ಪೇಪರನ್ನೇ ಕೊಂಡ್ಕೊಂಡ್ರು, ಆಮೇಲೆ ಸಾಯೋವರೆಗೂ ಅವ್ರು ಮದುವೆ ಪತ್ರಿಕೆಗಳ ಪ್ರೂಫ್ ತಿದ್ಕೊಂಡಿದ್ರು ಎಂದೆ. ಕಂಪನಿಯ ಹೆಸರನ್ನೂ ಹೇಳಿದೆ. ಮಗಳು ಇದೇ ಚಾನೆಲ್‌ನಲ್ಲಿದ್ದಾಳೆ ಎಂದು ಮಾತ್ರ ಬಾಯಿ ಬಿಡಲಿಲ್ಲ.

ಅಪ್ಪ ಹೋದ ಮೇಲೆ ಅವರ ವಿಷಯವನ್ನು ನೀನು ಹೊರಗಿನವರ ಮುಂದೆ ಆಡಿದ್ದು ಅದೇ ಮೊದಲು.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಎರಡು ವರ್ಷದಿಂದ ನಮ್ಮ ಚಾನೆಲ್ ಕೂಡ ಆ ಕಂಪನಿಯದೇ. ಗೊತ್ತಾದರೆ ಕೆಲಸ ಬಿಡು ಅನ್ನುತ್ತೀಯ ಎಂದು ಹೇಳಲಿಲ್ಲ. ನಮ್ಮ ಮುಖ್ಯಸ್ಥರು ನಿನ್ನ ಮಾತು ನೋಡಿ ತೆಗೆದುಹಾಕು ಎಂದರು. ನಾನು ಬೇಡಿಕೊಂಡೆ, ಹೆಸರೊಂದನ್ನು ಮಾತ್ರ ತೆಗೆಯೋಣ ಎಂದೆ. ಕೇಳಲಿಲ್ಲ. ನನ್ನ ಕೈಯಲ್ಲಿ ಏನೂ ಇರಲಿಲ್ಲ ಅಮ್ಮ.

ಪಕ್ಕದವರು ಕೇಳಿದರೆ ಸಮಯ ಸಾಲಲಿಲ್ಲವಂತೆ ಎಂದುಬಿಡು. ಮುಂದಿನ ವಾರ ಬರುತ್ತೇನೆ. ಬೈಯುವುದಿದ್ದರೆ ಬೈ, ಮಾತು ಮಾತ್ರ ಬಿಡಬೇಡ.

ನಿನ್ನ
ಚಿಕ್ಕವಳು

ಮರೆತ ಮಾತು: ಮರೆತದ್ದೇನಲ್ಲ. ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮುಖ್ಯಸ್ಥರು ನಿನ್ನ ಮಾತನ್ನು ನೋಡಿಯೇ ಇಲ್ಲ. ಯಾರೂ ತೆಗೆ ಅನ್ನಲಿಲ್ಲ. ಕಂಪನಿಯ ಹೆಸರು ಕಿವಿಗೆ ಬಿದ್ದದ್ದೇ ತಡ, ನಾನೇ ಅಳಿಸಿದೆ, ಮೂಲ ಪ್ರತಿಯನ್ನೂ ಬಿಡಲಿಲ್ಲ. ಅಪ್ಪನ ಬಾಯಿ ಮುಚ್ಚಿಸಲು ಅವರು ಇಡೀ ಪತ್ರಿಕೆಯನ್ನೇ ಕೊಳ್ಳಬೇಕಾಯಿತು. ನನಗೆ ಯಾರೂ ಒಂದು ಮಾತು ಕೂಡ ಹೇಳಬೇಕಾಗಲಿಲ್ಲ.