ಯತ್ತಪ್ಪ ಹಾಸಿದ ಕಂಬಳಿ

ಚಿತ್ರದುರ್ಗ, ಮಾರ್ಚ್ ೧೯೭೪

ಅಪ್ಪಯ್ಯಾ,

ನೀನು ತೀರಿಹೋಗಿದ್ದರೂ ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ನಮ್ಮ ಶಾಲೆಯ ದೂರದ ಓಟದ ತಂಡವನ್ನು ಬೇಸಿಗೆ ತರಬೇತಿಗೆ ಸಿದ್ಧ ಮಾಡುತ್ತಿದ್ದೇನೆ. ಎಲ್ಲರಿಗಿಂತ ಚೆನ್ನಾಗಿ ಓಡುವವಳು ಚಿತ್ತಮ್ಮ. ಅವಳನ್ನು ಕಳಿಸೆಂದು ಕೇಳಲು ಇವತ್ತು ಹಿರೇಗುಂಟನೂರಿನಾಚೆ ಅವಳಪ್ಪ ಯತ್ತಪ್ಪನ ಕುರಿಮಂದೆಗೆ ಹೋಗಿದ್ದೆ.

ಹೆಗಲ ಕಂಬಳಿ ಹಾಸಿ, "ಕುಂತ್ಕಳ್ರಿ ಸಾರ್" ಅಂದ. ಬಿಳಿ ಪ್ಯಾಂಟು ಕೊಳೆಯಾದೀತೆಂದು ನಿಂತೇ ಮಾತಾಡಿದೆ.

"ನಿಮ್ಮಪ್ಪ ಏನ್ ಮಾಡ್ತಿದ್ರು ಸಾರ್?"

"ಮೇಷ್ಟ್ರಾಗಿದ್ರು" ಎಂದುಬಿಟ್ಟೆ.

"ಹಂಗಾದ್ರೆ ಬ್ಯಾಡ ಬಿಡ್ರಿ. ನಮ್ ಪಾಡು ನಿಮ್ಗೆಂಗೆ ತಿಳೀತೈತೆ? ಕುರಿ ಕಾದೋರ ಮಗ ಆಗಿದ್ರೆ ನಂಬಿ ಕಳಿಸ್ತಿದ್ದೆ."

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಚಿತ್ತಮ್ಮ ಮರಿಯೊಂದನ್ನು ಎತ್ತಿಕೊಂಡು ಮಂದೆಯೊಳಗೆ ಹೋದಳು.

ಮನೆಗೆ ಬಂದು, ಕುರಿ ಕಾಯುವಾಗ ನೀನು ಹೊದೆಯುತ್ತಿದ್ದ ಕಂಬಳಿಯನ್ನು ತೆಗೆದು ಹಾಸಿದೆ. ಅದರ ಮೇಲೂ ಕೂರಲಾಗಲಿಲ್ಲ.