ಮುಚ್ಚಳದ ಒಳಗೆ ಗೀಚಿದ ತಾರೀಕು

ಸೋಮವಾರ, ಎರಡನೇ ತಾರೀಕು, ಸಂಜೆ

ಪ್ರೀತಿಯ ಅಕ್ಕ,

ಒಂದು ಗಡಿಯಾರ ನಿಂತುಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗೋಡೆಯದೂ ಅಲ್ಲ, ಕೈಯದೂ ಅಲ್ಲ. ಲ್ಯಾಪ್‌ಟಾಪ್ ಪರದೆಯ ಮೂಲೆಯಲ್ಲಿ ಇರುತ್ತದಲ್ಲ, ಆ ಪುಟ್ಟ ಗಡಿಯಾರ. ಹತ್ತು ಗಂಟೆ ನಲವತ್ತೆರಡು ನಿಮಿಷ ತೋರಿಸಿ ಅಲ್ಲೇ ಕೂತುಬಿಟ್ಟಿದೆ. ನಿಂತ ಗಡಿಯಾರ ನಿನ್ನ ಇಲಾಖೆ ತಾನೆ? ನಗಬೇಡ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಮನೆ ಬಿಟ್ಟು ಬಂದ ಈ ಹನ್ನೆರಡು ದಿನಗಳಲ್ಲಿ ಎರಡು ಸಲ ಮಾಡಿದೆ. ಎರಡು ಸಲವೂ ನೀನು ಎತ್ತಿದೆ, ಒಂದು ಮಾತೂ ಆಡಲಿಲ್ಲ. ನಿನ್ನ ಅಂಗಡಿಯ ಗಡಿಯಾರಗಳು ಮಾತ್ರ ಟಿಕ್ ಟಿಕ್ ಅನ್ನುತ್ತಿದ್ದವು. ಅವನ್ನೇ ಎಣಿಸಿ, ಇಟ್ಟುಬಿಟ್ಟೆ. ಕಾಗದಕ್ಕಾದರೆ ಆ ಕಷ್ಟವಿಲ್ಲ.

ಗಡಿಯಾರ ತಂದವರಿಗೆಲ್ಲ ನೀನು ಹೇಳುವುದು ನೆನಪಿದೆ. 'ಏನ್ ಕೆಟ್ಟಿದೆ ಅಂತ ನಾನ್ ಹೇಳ್ತೀನಿ, ನೀವೇನ್ ಮಾಡಿದ್ರಿ ಅಷ್ಟ್ ಹೇಳಿ ಸಾಕು.' ಅದೇ ಕ್ರಮದಲ್ಲಿ ಹೇಳುತ್ತೇನೆ. ನನ್ನ ಲ್ಯಾಪ್‌ಟಾಪ್, ಅದೇ, ಮುಚ್ಚಳದ ಮೇಲೆ ನೀಲಿ ಚಿಟ್ಟೆ ಸ್ಟಿಕ್ಕರ್ ಇರುವುದು, ಆನ್ ಮಾಡಿದೆ. ಚೆನ್ನಾಗಿಯೇ ಎದ್ದಿತು. ಬರೆದೆ, ಓದಿದೆ, ಹಳೆಯ ಫೋಟೊ ನೋಡಿದೆ, ಏನೂ ತಕರಾರಿಲ್ಲ. ಆಮೇಲೆ ವೈ-ಫೈ ಆನ್ ಮಾಡಿದೆ. ಮೂರು ಎಣಿಸುವಷ್ಟರಲ್ಲಿ ಎಲ್ಲ ಇದ್ದಲ್ಲೇ ಕಲ್ಲಾಯಿತು. ಮೌಸ್ ಆಡಿಸಿದರೆ ಬಾಣ ಕದಲುವುದಿಲ್ಲ, ಯಾವ ಗುಂಡಿ ಒತ್ತಿದರೂ ಕೇಳುವುದಿಲ್ಲ. ಪವರ್ ಬಟನ್ ಅದುಮಿ ಹಿಡಿದು ಆರಿಸಿದೆ. ಮತ್ತೆ ಆನ್ ಮಾಡಿ ವೈ-ಫೈ ಗೊಡವೆಗೆ ಹೋಗದೆ ಇದ್ದರೆ ಮಧ್ಯಾಹ್ನದವರೆಗೂ ಬಂಗಾರದಂಥ ಲ್ಯಾಪ್‌ಟಾಪ್. ವೈ-ಫೈ ಮುಟ್ಟಿದೆನೋ, ಮತ್ತೆ ಕಲ್ಲು. ಐದು ಸಲ ಮಾಡಿದೆ, ಐದು ಸಲವೂ ಇದೇ ಕಥೆ.

ಇದು ಬರೀ ತಲೆನೋವಾಗಿದ್ದರೆ ನಿನ್ನ ತನಕ ತರುತ್ತಿರಲಿಲ್ಲ. ಇಲ್ಲಿ ನನ್ನ ಕೆಲಸ ಏನು ಗೊತ್ತಲ್ಲ? ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಕಿವಿ ಕೇಳದವರು ಕೂತಿರುತ್ತಾರೆ, ನಾನು ನನ್ನ ಕೋಣೆಯಿಂದ ಪರದೆಯಲ್ಲಿ ಕಾಣಿಸಿಕೊಂಡು ಅವರ ಕೈಮಾತನ್ನು ಬಾಯಿಮಾತಿಗೆ, ಇವರ ಬಾಯಿಮಾತನ್ನು ಕೈಮಾತಿಗೆ ತಿರುಗಿಸಬೇಕು. ಮೊದಲು ಸುಳ್ಳು ರೋಗಿಗಳನ್ನು ಕೂರಿಸಿ ಅಭ್ಯಾಸ ಮಾಡಿಸುತ್ತಾರೆ. ಶನಿವಾರ ವೈ-ಫೈ ಹಚ್ಚಿದರೂ ಇನ್ನೂ ನಾಲ್ಕೈದು ನಿಮಿಷ ಓಡುತ್ತಿತ್ತು, ಆ ಸುಳ್ಳು ರೋಗಿ ಮಂಡಿ ನೋವು ಅಂದಳು. ಎಲ್ಲಿಂದ ಎಲ್ಲಿಗೆ ನೋವು ಅಂತ ಕೇಳಲು ನಾನು ಕೈ ಎತ್ತಿದೆ, ಕೈ ಎದೆಯ ಹತ್ತಿರ ಬಂದಾಗ ಚಿತ್ರ ನಿಂತಿತು. ಆ ಕಡೆಯವರು ಹೃದಯದ ವಿಭಾಗಕ್ಕೆ ಕಳಿಸಿದರಂತೆ. ನಿಜವಾದ ರೋಗಿಯಾಗಿದ್ದರೆ? ಇವತ್ತಂತೂ ಅಷ್ಟೂ ನಡೆಯಲಿಲ್ಲ. ಮೇಲ್ವಿಚಾರಕಿ ಗದರಲಿಲ್ಲ, ಅದೇ ಭಯ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೊನೆಯ ಪರೀಕ್ಷೆ, ಅವತ್ತೂ ನಿಂತರೆ ಬೇರೆಯವರನ್ನು ನೋಡ್ಕೋಬೇಕಾಗುತ್ತೆ ಎಂದರು.

ಕಿವಿ ಕೇಳದ ಅಮ್ಮನ ಕೈಮಾತನ್ನು ಪರದೆ ಮೇಲೆ ಮಾರೋಕೆ ಹೊರಟಿದ್ದೀಯಾ ಅಂತ ಹೊರಡುವ ದಿನ ನೀನು ಕೇಳಿದ್ದೆಯಲ್ಲ, ಈಗ ಮಾರಲೂ ಆಗುತ್ತಿಲ್ಲ. ಖುಷಿಯಾಯಿತೇ? ತಪ್ಪು, ಹೀಗೆ ಬರೆಯಬಾರದಿತ್ತು. ಹೊಡೆದು ಹಾಕಿದರೂ ನೀನು ಬೆಳಕಿಗೆ ಹಿಡಿದು ಓದುತ್ತೀಯ, ಅದಕ್ಕೇ ಬಿಟ್ಟಿದ್ದೇನೆ. ಏನು ಮಾಡಲಿ, ಹೇಳು.

ಬುಧವಾರ, ನಾಲ್ಕನೇ ತಾರೀಕು

ಅಕ್ಕ, ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ತಲೆ ಕೆಟ್ಟು ಗೊಬ್ಬರವಾಗಿದೆ.

ಎರಡು ದಿನದಿಂದ ಸಿಕ್ಕವರೆಲ್ಲ ವೈದ್ಯರೇ. ಮನೆ ಒಡತಿ, ಲ್ಯಾಪ್‌ಟಾಪನ್ನು ಕಿಟಕಿಗೆ ಮುಖ ಮಾಡಿ ಇಡು ಅಂದಳು. ಇಟ್ಟೆ. ಕೆಳಗಿನ ದರ್ಜಿ ವೈರಸ್ಸೇ ಇರಬೇಕು ಅಂತ ಖಡಾಖಂಡಿತವಾಗಿ ಹೇಳಿ, ತನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವುದರಲ್ಲಿ ಮುಳುಗಿದ. ವೈರಸ್ ಹುಡುಕಿಸಿದೆ, ಒಂದೂ ಸಿಗಲಿಲ್ಲ. ಒಡತಿಯ ರೂಟರನ್ನು ಆರಿಸಿ ಹಚ್ಚಿದೆ. ದೋಷ ಅವಳ ವೈ-ಫೈದೇ ಇರಬಹುದು ಅಂತ ಗ್ರಂಥಾಲಯಕ್ಕೆ ಹೊತ್ತುಕೊಂಡು ಹೋದೆ. ಅಲ್ಲಿಯೂ ಮೂರು ಎಣಿಸುವಷ್ಟರಲ್ಲಿ ಕಲ್ಲು. ಸುಮ್ಮನಿರಬೇಕಾದ ಜಾಗದಲ್ಲಿ ನಾನು ಅಯ್ಯೋ ಅಂದದ್ದು ಅಷ್ಟೂ ಜನಕ್ಕೆ ಕೇಳಿತು.

ಕೊನೆಗೆ ಈ ಬೀದಿಯ ತುದಿಯಲ್ಲಿರುವ ರಿಪೇರಿಯವರ ಹತ್ತಿರ ಒಯ್ದೆ. ಎಲ್ಲರೂ ಅವರನ್ನು 'ಡಾಕ್ಟ್ರು' ಅಂತಲೇ ಕರೆಯುತ್ತಾರೆ. ವಯಸ್ಸಾದವರು, ಕನ್ನಡಕವನ್ನು ಹಣೆಗೇರಿಸಿಕೊಂಡು ನೋಡುತ್ತಾರೆ, ನಿನ್ನ ಹಾಗೆಯೇ. ಅವರು ಹಚ್ಚಿ ಒಂದು ಗಂಟೆ ಆಡಿಸಿದರೂ ನಿಲ್ಲಲಿಲ್ಲ! ನನಗೆ ನಾಚಿಕೆಯಾಗಿ ಕ್ಷಮೆ ಕೇಳಿ ಎದ್ದೆ. ನೋಡಿದರೆ ಅವರು ಇಂಟರ್‌ನೆಟ್‌ಗೆ ತಮ್ಮ ಕೇಬಲ್ ಚುಚ್ಚಿದ್ದರು. ಕೇಬಲ್ ಕಿತ್ತು ವೈ-ಫೈ ಹಚ್ಚಿದರು, ತಕ್ಷಣ ಕಲ್ಲು. 'ಯಂತ್ರಕ್ಕೇನೂ ಆಗಿಲ್ಲಮ್ಮ, ಗಾಳಿ ಕುಡಿದ್ರೆ ಮಾತ್ರ ಮೂರ್ಛೆ ಹೋಗುತ್ತೆ' ಅಂದರು. ವೈ-ಫೈ ನಡೆಸುವ ಡ್ರೈವರ್ ತೆಗೆದು ಹೊಸದು ಹಾಕಿದರು. ಜಗ್ಗಲಿಲ್ಲ. ನಾಳೆ ಬಿಚ್ಚಿ ನೋಡೋಣ ಎಂದಿದ್ದಾರೆ. ನನ್ನ ಕೋಣೆಗೆ ಕೇಬಲ್ ಎಳೆಸಲು ಒಡತಿ ಬಿಲ್‌ಕುಲ್ ಒಪ್ಪುವುದಿಲ್ಲ.

ಈಗ ಒಂದು ವಿಷಯ ಹೇಳಬೇಕು. ಹೇಗೂ ನಿನಗೆ ಗೊತ್ತಾಗಿರುತ್ತದೆ. ಈ ಲ್ಯಾಪ್‌ಟಾಪ್ ನನ್ನದಲ್ಲ, ನಿನ್ನದು. ಹೊರಡುವ ಗಡಿಬಿಡಿಯಲ್ಲಿ ಅದಲುಬದಲಾಯಿತು. ಒಂದೇ ದಿನ ಕೊಂಡದ್ದು, ಒಂದೇ ಬಣ್ಣ, ಅಂಗಡಿಯವನು ಇಟ್ಟ ಪಾಸ್‌ವರ್ಡನ್ನೂ ಇಬ್ಬರೂ ಬದಲಾಯಿಸಿಲ್ಲ. ತೆರೆದರೆ ನಿನ್ನ ಗಡಿಯಾರಗಳ ನಕ್ಷೆಗಳು ಸಾಲಾಗಿ ಕೂತಿದ್ದವು. ಅವನ್ನು ಮುಟ್ಟಿಲ್ಲ, ಆಣೆ. ನೀನು ನನಗೆ 'ಗಡಿಬಿಡಿ' ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲವಲ್ಲ.

ಆದರೆ ನನಗೆ ಅರ್ಥವಾಗದ್ದು ಇದು. ಹೀಗೆ ನಿಲ್ಲುವ ಕಾಯಿಲೆ ಇದ್ದದ್ದು ನನ್ನ ಲ್ಯಾಪ್‌ಟಾಪಿಗೆ. ಹೋದ ವರ್ಷ ಆನ್‌ಲೈನಲ್ಲಿ ಕೈಮಾತು ತಿರುಗಿಸುವ ತರಬೇತಿ ಸೇರಿದೆನಲ್ಲ, ಮೊದಲ ತರಗತಿಗೆ ಮುಂಚೆ ಮೂರು ದಿನ ಇದೇ ಆಟ ಆಡಿತ್ತು. ನಾನು ಅತ್ತದ್ದೂ ನಿನಗೆ ನೆನಪಿರಬೇಕು. ತರಗತಿಯ ದಿನ ಬೆಳಿಗ್ಗೆ ನೋಡಿದರೆ ಏನೂ ಆಗಿಲ್ಲವೆಂಬಂತೆ ಸರಿಯಾಗಿತ್ತು. ನೆಗಡಿ ವಾಸಿಯಾದ ಹಾಗೆ ತಾನಾಗಿ ವಾಸಿಯಾಯಿತು ಅಂದುಕೊಂಡೆ. ಅದರದು ವಾಸಿಯಾಗಿ ನಿನ್ನದಕ್ಕೆ ಅಂಟಿತೇ? ಲ್ಯಾಪ್‌ಟಾಪಿಗೂ ಸೋಂಕು ತಗಲುತ್ತದೆಯೇ? ನಿನ್ನದು ಕೆಟ್ಟಿದೆ ಅಂತ ಒಂದು ದಿನವೂ ನಿನ್ನ ಬಾಯಲ್ಲಿ ಬರಲಿಲ್ಲ. ನಾನು ಮನೆಯೆಲ್ಲ ಲ್ಯಾಪ್‌ಟಾಪ್ ಹೊತ್ತು ತಿರುಗುವಾಗ, ನೀನು ಮಾತ್ರ ಗೋಡೆ ಪಕ್ಕದ ಮೇಜಿನಲ್ಲಿ ಆ ನೀಲಿ ಕೇಬಲ್ ಚುಚ್ಚಿಕೊಂಡೇ ಕೂರುತ್ತಿದ್ದೆ. ಗೂಟಕ್ಕೆ ಕಟ್ಟಿದ ಹಸು ಅಂತ ಎಷ್ಟು ಸಲ ರೇಗಿಸಿಲ್ಲ. 'ನಂಗೆ ಒಂದೇ ಕಡೆ ಕೂತು ಅಭ್ಯಾಸ ಕಣೇ' ಅನ್ನುತ್ತಿದ್ದೆ, ಅಷ್ಟೆ.

ಗುರುವಾರ, ಐದನೇ ತಾರೀಕು, ಮಧ್ಯಾಹ್ನ

ಅಕ್ಕ,

ಡಾಕ್ಟರ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿಲ್ಲ, ಸುಧಾರಿಸಿಕೊ.

ಬೆಳಿಗ್ಗೆ ಅವರು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಅಡಿಯ ಮುಚ್ಚಳದ ತಿರುಪುಗಳನ್ನು ಒಂದೊಂದೇ ತೆಗೆದರು. ಮೂರನೆಯದಕ್ಕೆ ನಿಂತು, ಇದನ್ನ ಯಾರೋ ಮೊದಲೇ ಬಿಚ್ಚಿದ್ದಾರೆ, ಆದರೆ ನನ್ನಂಥವರಲ್ಲ, ಕೈ ಬಹಳ ನಾಜೂಕು, ತಿರುಪಿನ ತಲೆ ಒಂದೂ ಸವೆದಿಲ್ಲ ಎಂದರು. ಆಮೇಲೆ ಮುಚ್ಚಳ ಎತ್ತಿ, ಕನ್ನಡಕ ಕೆಳಗಿಳಿಸಿ, ನನ್ನ ಕಡೆ ತಿರುಗಿಸಿದರು. 'ಇಲ್ಲೇನೋ ಬರೆದಿದೆ ನೋಡಮ್ಮ.'

ಓದಬೇಕಾಗಿರಲಿಲ್ಲ. ಗೀಚಿದ್ದು ಕಂಡ ಕೂಡಲೇ ಯಾರ ಕೈ ಅಂತ ತಿಳಿಯಿತು. ಯಾರ ಗಡಿಯಾರ ಬಿಚ್ಚಿದರೂ ಹಿಂಬದಿ ಮುಚ್ಚಳದ ಒಳಗೆ ಸೂಜಿಯಿಂದ ತಾರೀಕು, ಮಾಡಿದ ಕೆಲಸ, ಎರಡೂ ಗೀಚಿಯೇ ಮುಚ್ಚುವವಳು ನೀನು. ಯಾರಿಗೂ ಕಾಣದ ಕಡೆ ಯಾಕೆ ಬರೀತೀಯ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. 'ಗಿರಾಕಿಗೆ ಕಾಣಲ್ಲ, ಮುಂದೆ ಬಿಚ್ಚೋರಿಗೆ ಕಾಣುತ್ತೆ' ಅಂದಿದ್ದೆ.

ಮುಂದೆ ಬಿಚ್ಚಿಸಿದವಳು ನಾನೇ ಆದೆ. ಹೋದ ವರ್ಷದ ಜೂನ್ ಹದಿನಾಲ್ಕು. 'ತಂಗಿಯ ವೈ-ಫೈ ಕಾರ್ಡ್ ಕೆಟ್ಟಿದೆ. ಇದರದ್ದು ಅವಳದಕ್ಕೆ ಹಾಕಿದೆ. ಅವಳದು ಇಲ್ಲಿದೆ.'

ಜೂನ್ ಹದಿನೈದು ನನ್ನ ಮೊದಲ ತರಗತಿ. ಹಿಂದಿನ ಸಂಜೆ ನಾನು ಇಸ್ತ್ರಿಗೆ ಕೊಟ್ಟ ಬಟ್ಟೆ ತರಲು ಹೋಗಿದ್ದೆ, ನೀನು ಅಂಗಡಿಯನ್ನು ಬೇಗ ಮುಚ್ಚಿದ್ದೆ. ವರ್ಷವಿಡೀ ನನ್ನ ಕೆಟ್ಟ ಕಾರ್ಡನ್ನು ನಿನ್ನ ಯಂತ್ರದಲ್ಲಿಟ್ಟುಕೊಂಡು, ಕೇಬಲ್ ಚುಚ್ಚಿಕೊಂಡು, ನನ್ನ ಕೈಯಲ್ಲಿ ಹಸು ಅನ್ನಿಸಿಕೊಂಡೆ. ಮತ್ತೆ ನಾನು ಹೊರಡುವ ದಿನ ಬಾಗಿಲಲ್ಲಿ ನಿಂತು ಏನಂದೆ? ಊರವರ ಗಡಿಯಾರಕ್ಕೆಲ್ಲ ಕೈ ಹಾಕ್ತೀಯ, ನನಗೆ ಅಂತ ಒಂದು ದಿನ ಏನು ಮಾಡಿದ್ದೀಯ ಅಂದೆ. ಉತ್ತರ ನನ್ನ ಚೀಲದಲ್ಲೇ ಇತ್ತು.

ಡಾಕ್ಟರ ಎದುರು ಬಿಕ್ಕಿ ಬಿಕ್ಕಿ ಅತ್ತೆ. ಪಾಪ, ಅವರು ಹೆದರಿ, ಕಾರ್ಡ್ ಒಂದು ಹೋದರೆ ಇನ್ನೊಂದು ಸಿಗುತ್ತೆ, ಅದಕ್ಕೆಲ್ಲ ಅಳ್ತಾರಾ ಅಂತ ನೀರು ತಂದುಕೊಟ್ಟರು.

ನನ್ನ ಗೊಂದಲ ಮಾತ್ರ ಇನ್ನೂ ಬಗೆಹರಿದಿಲ್ಲ, ಅಕ್ಕ. ಅಮ್ಮನ ಕೈಮಾತನ್ನು ನಾನು ಈ ಕೆಲಸಕ್ಕೆ ಬಳಸುವುದು ನಿನಗೆ ಇಷ್ಟವಿರದಿದ್ದರೆ ಆ ಸಂಜೆ ಯಾಕೆ ಕಾರ್ಡ್ ಬದಲಾಯಿಸಿದೆ? ಇಷ್ಟವಿದ್ದರೆ, ಮಾರ್ತೀಯಾ ಅಂತ ಯಾಕೆ ಕೇಳಿದೆ? ನಿನ್ನ ಬಾಯಿ ಹೇಳಿದ್ದನ್ನು ನಂಬಲೋ, ನಿನ್ನ ಸೂಜಿ ಬರೆದದ್ದನ್ನು ನಂಬಲೋ? ನಾನು ಹೋಗುವುದು ನಿನಗೆ ಬೇಡವಾಗಿತ್ತು, ಅಷ್ಟೇನಾ? ಹಾಗೆ ಅಂದಿದ್ದರೆ ಆಗುತ್ತಿತ್ತಲ್ಲೇ. ನಾನು ಹೋಗುತ್ತಿದ್ದೆ, ನಿಜ. ಆದರೆ ಹೀಗೆ ಹೋಗುತ್ತಿರಲಿಲ್ಲ.

ಡಾಕ್ಟರು ಹೊಸ ಕಾರ್ಡ್ ಹಾಕಿದ್ದಾರೆ. ಎರಡು ಗಂಟೆಯಿಂದ ವೈ-ಫೈ ಹಚ್ಚಿಯೇ ಇದೆ, ಮೂಲೆಯ ಗಡಿಯಾರ ನಡೆಯುತ್ತಿದೆ. ಸೋಮವಾರದ ಪರೀಕ್ಷೆಯನ್ನು ಇದರಲ್ಲೇ ಕೊಡಬಹುದು. ಆದರೆ ಕೊಡುವುದಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನದನ್ನು ನಿನ್ನ ಮೇಜಿನ ಮೇಲಿಟ್ಟು, ನನ್ನದನ್ನು, ನೀನು ಕಾರ್ಡ್ ಕೊಟ್ಟದ್ದನ್ನು, ತೆಗೆದುಕೊಂಡು ಸಂಜೆಯ ಬಸ್ಸಿಗೆ ವಾಪಸಾಗುತ್ತೇನೆ. ಪರೀಕ್ಷೆ ಅದರಲ್ಲೇ. ಆ ನೀಲಿ ಕೇಬಲ್ ಸುತ್ತಿ ಎತ್ತಿಡು, ಇನ್ನು ಮನೆಯೆಲ್ಲ ತಿರುಗಾಡು.

ಬಾಗಿಲು ತೆಗೆಯದಿದ್ದರೆ ಅಂಗಡಿಯ ಗಾಜಿನಾಚೆ ನಿಂತು ಕೈಯಲ್ಲೇ ಕ್ಷಮೆ ಕೇಳುತ್ತೇನೆ. ಅಮ್ಮ ಕೋಪ ಮಾಡಿಕೊಂಡಾಗ ನಮ್ಮ ಕೈಮಾತು ಕಾಣದಿರಲಿ ಅಂತ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದಳಲ್ಲ, ಹಾಗೆ ಕೂತರೂ ಸರಿ. ಅಮ್ಮ ಯಾವಾಗಲೂ ಒಂದು ಕಣ್ಣು ಸ್ವಲ್ಪ ತೆರೆದಿಟ್ಟಿರುತ್ತಿದ್ದಳು.

ನಿನ್ನ
ಗಡಿಬಿಡಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಗಡಿಬಿಡಿಯಲ್ಲಿ ಅದಲುಬದಲಾಯಿತು ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ನನ್ನದು ಒಮ್ಮೆ ಕೈಕೊಟ್ಟಿತ್ತು, ಹೊಸ ಕೆಲಸದಲ್ಲಿ ಮತ್ತೆ ಕೊಟ್ಟರೆ ಅನ್ನುವ ಭಯ. ನಿನ್ನದು ಹೊಸದರಂತಿತ್ತು. ನೀನು ಅಂಗಡಿಯಲ್ಲಿದ್ದಾಗ ಕೂತು, ಬಿಸಿನೀರಿನ ಬಟ್ಟೆ ಒತ್ತಿ, ನನ್ನದರ ಸ್ಟಿಕ್ಕರನ್ನು ಮೂಲೆಯಿಂದ ನಿಧಾನವಾಗಿ ಎಬ್ಬಿಸಿದೆ, ಹತ್ತು ನಿಮಿಷ ಹಿಡಿಯಿತು. ನನ್ನ ಜೀವನದಲ್ಲಿ ಗಡಿಬಿಡಿ ಇಲ್ಲದೆ ಮಾಡಿದ ಕೆಲಸ ಅದೊಂದೇ. ಚಿಟ್ಟೆ ತಾನಾಗಿ ಹಾರಿ ಬಂದು ನಿನ್ನದರ ಮೇಲೆ ಕೂರಲಿಲ್ಲ, ಅಕ್ಕ. ನಿನ್ನ ಮೇಜಿನ ಮೇಲೆ ಉಳಿದದ್ದರ ಮುಚ್ಚಳದಲ್ಲಿ ಅಂಟಿನ ಕಲೆ ಇದೆ. ಅದನ್ನು ನೀನು ಮೊದಲ ದಿನವೇ ನೋಡಿರುತ್ತೀಯ. ನೋಡಿದ ಮೇಲೂ ಎರಡು ಸಲ ನನ್ನ ಫೋನ್ ಎತ್ತಿದೆ.