ಗೋಡೆಯಗಲದ ಸೆಲ್ಯಾ

ಮಲಬೋನ್,
ನವೆಂಬರ್ 14, 2011

ಪ್ರೀತಿಯ ತಂಗಿ ಪಾಸಿಂಗ್‌ಗೆ,

ನಿನ್ನ ಮಂಡಿನೋವು ಹೇಗಿದೆ? ಹೊನೊಲುಲುವಿನ ಡಾಕ್ಟರು ಬೇಡವೆಂದರೂ ಹಾಡುವುದಕ್ಕೆಂದು ಇಗರ್ಜಿಯ ಮಹಡಿ ಹತ್ತುತ್ತೀಯಂತೆ. ಚಿಕ್ಕಂದಿನಿಂದ ಯಾರ ಮಾತು ಕೇಳಿದವಳು ನೀನು? ನನ್ನ ಬಿಪಿ ಮೊನ್ನೆಯವರೆಗೂ ಹತೋಟಿಯಲ್ಲಿತ್ತು.

ಮೊನ್ನೆ ಮನಿಲಾದ ಮ್ಯೂಸಿಯಂನಲ್ಲಿ ನಿನ್ನ ಭಾವನ ಚಿತ್ರಗಳ ಪ್ರದರ್ಶನ ಶುರುವಾಯಿತು. ಬದುಕಿದ್ದಾಗ ಕಾಮಿಕ್ಸ್ ಬರೆಯುವವನೆಂದು ಬಾಡಿಗೆಗೆ ಮನೆ ಕೊಡಲು ಹಿಂದೆಮುಂದೆ ನೋಡಿದ ಜನ ಈಗ ಸಾಲುಗಟ್ಟಿ ಬಂದಿದ್ದರು. ಪಾನ್ಸಿತ್ ಶಾವಿಗೆ ಬಡಿಸಿದರು, ನಮ್ಮೂರಿನದರ ಮುಂದೆ ಬರೀ ಸಪ್ಪೆ. ಒಳಗೆ ಕಾಲಿಟ್ಟರೆ ಎದುರಿಗೇ, ನೆಲದಿಂದ ಸೂರಿನವರೆಗೆ, ಅವರ 'ಸುಳಿಗಾಳಿ ಸೆಲ್ಯಾ'. ವಾರಪತ್ರಿಕೆಯ ಅಂಗೈಯಗಲದ ಚೌಕದಲ್ಲಿ ನೋಡುವಾಗ ಅವಳು ಯಾರೋ ಹಾರುವ ಹುಡುಗಿ. ಗೋಡೆಯಗಲ ಹಿಗ್ಗಿಸಿದಾಗ ನೋಡಿದರೆ ನೀನು. ಎಡಗೆನ್ನೆಯಲ್ಲಿ ಮಾತ್ರ ಬೀಳುವ ಗುಳಿ, ದೋಣಿಯಂಚು ತಾಗಿ ಹುಬ್ಬಿನಲ್ಲಾದ ಸೀಳು, ಎಲ್ಲಾ ನಿನ್ನದೇ. ಇದು ಯಾರ ಮುಖ ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಯಾರದೂ ಅಲ್ಲ ಮಾರಾಯ್ತಿ, ಕೈಗೆ ಬಂದದ್ದು" ಅಂದಿದ್ದರು. ಕೋಣೆ ಕೋಣೆಯಲ್ಲೂ ನನ್ನನ್ನು ಹುಡುಕಿದೆ. ಸಿಕ್ಕಿದ್ದು ಒಂದೇ ಕಡೆ: ಸೆಲ್ಯಾಳ ಮೇಲೆ ಜಗಳಕ್ಕೆ ನಿಂತ ಮೀನು ಮಾರುವವಳು. ಕತ್ತು ಉಬ್ಬಿಸಿ ಬೈಯುವ ಭಂಗಿ ಸಹ ನನ್ನದೇ.

ಪತ್ರಿಕೆಯ ಹುಡುಗಿಯೊಬ್ಬಳು ಬಂದು, "ಅಜ್ಜಿ, ಸೆಲ್ಯಾಗೆ ನೀವೇ ಮಾದರಿಯಂತೆ, ಹೌದಾ?" ಅಂದಳು.

"ಹೌದು ಮಗಾ, ಆಗ ತೆಳ್ಳಗಿದ್ದೆ" ಅಂದೆ. ನಿನ್ನ ಮುಖದ ಕೆಳಗೇ ನಿಲ್ಲಿಸಿ ಫೋಟೋ ತೆಗೆದರು. ಅಷ್ಟರಲ್ಲಿ, ಅವರ ಪುಟಗಳಿಗೆ ಮಸಿ ತುಂಬುತ್ತಿದ್ದ ಮುದುಕ ಇಂಗೊ ಕೋಲೂರಿಕೊಂಡು ಬಂದ. "ಪಾಸಿಂಗ್ ಬರಲಿಲ್ವಾ ಶಿಯೋನ್? ಇದು ಅವಳ ಗೋಡೆ ಅಲ್ವಾ?" ಅಂದ. ಹುಡುಗಿಯ ಪೆನ್ನು ನಿಂತಿತು. ಪಾಪ, ಇವರಿಗೆ ಅರಳುಮರಳು ಅಂತ ಅವಳ ಕಿವಿಯಲ್ಲಿ ಹೇಳಿದೆ. ಅಂದರೆ ಇಂಗೊನಿಗೂ ಗೊತ್ತಿತ್ತು. ಇಷ್ಟು ವರ್ಷ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಆ ಪತ್ರಿಕೆ ಇವತ್ತು ಬಂದಿದೆ. ನಿನಗೆ ಕಳಿಸುವುದಿಲ್ಲ.

ನಿನ್ನ ಯಜಮಾನರನ್ನು ಕೇಳಿದೆನೆಂದು ಹೇಳು. ಮೊಮ್ಮಕ್ಕಳಿಗೆ ಮುತ್ತು. ಮಾತೆ ಮರಿಯಮ್ಮ ನಿನ್ನ ಮಂಡಿಯನ್ನು ಕಾಯಲಿ.

ನಿನ್ನ ಅಕ್ಕ,
ಶಿಯೋನ್

ಮರೆತೆ: ಸೆಲ್ಯಾ ಮೊದಲು ಅಚ್ಚಾದ ವರ್ಷವೇ ನೀನು ವಿಮಾನ ಹತ್ತಿದ್ದು. ಹೋಗುವ ಮುಂಚೆ ಚಿತ್ರಕ್ಕೆಂದು ಅವರೆದುರು ಕೂತಿದ್ದೆಯಾ? ಕೂತಿದ್ದರೆ ಬರೆ, ನಾಲ್ಕು ದಿನ ಬೈದು ಸುಮ್ಮನಾಗುತ್ತೇನೆ. ಕೂತೇ ಇರಲಿಲ್ಲವಾದರೆ, ಅವರು ನೆನಪಿನಿಂದಲೇ ಬಿಡಿಸಿದ್ದಾದರೆ, ಸುಳ್ಳಾದರೂ ಸರಿ, ಕೂತಿದ್ದೆ ಅಂತಲೇ ಬರೆ.